ಎಡಗಡೆಯ ಸೀಟು

ಮರಿಸಿದ್ದಯ್ಯ ಮೊದಲು ನೋಡಿದ್ದು ಮೀಟರನ್ನಲ್ಲ, ಪೆಡಲುಗಳನ್ನು. ಎತ್ತಿನ ವಯಸ್ಸು ಹಲ್ಲಿನಲ್ಲಿ, ಗಾಡಿಯ ವಯಸ್ಸು ಪೆಡಲಿನ ಸವೆತದಲ್ಲಿ ಎಂಬುದು ಅವನ ನಂಬಿಕೆ. ಮೀಟರಿನ ಪ್ರಕಾರ ಆ ಕೆಂಪು ಸ್ಪೋರ್ಟ್ಸ್ ಕಾರು ಓಡಿದ್ದು ಬರೀ ಹದಿನಾಲ್ಕು ಸಾವಿರ ಮೈಲಿ. ಪೆಡಲುಗಳಿಗೆ ಮಾತ್ರ ಹೊಚ್ಚ ಹೊಸ ರಬ್ಬರು. ಹಳೆಯದು ಬಿಸಿಲಿಗೆ ಸೀಳಿತ್ತು, ಹೋದ ತಿಂಗಳು ಬದಲಾಯಿಸಿದೆ ಎಂದರು ಕಾರಿನ ಯಜಮಾನರಾದ ವರದರಾಜ ಅಯ್ಯಂಗಾರರು. ಇದ್ದರೂ ಇರಬಹುದು. ಆದರೆ ಎತ್ತಿಗೆ ಯಾರಾದರೂ ಹೊಸ ಹಲ್ಲು ಕಟ್ಟಿಸಿದ್ದರೆ ಕೊಳ್ಳುವವನು ಒಂದು ಗಳಿಗೆ ನಿಂತು ಯೋಚಿಸುವುದು ಒಳ್ಳೆಯದು.

ಕೊಳ್ಳಲು ಬಂದಿದ್ದ ಕಸ್ತೂರಿರಂಗ ಮಾತ್ರ ಯೋಚಿಸುವ ಸ್ಥಿತಿಯಲ್ಲಿರಲಿಲ್ಲ. ಭಾರತೀನಗರದ ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರು. ವರದರಾಜರಿಗೆ ದೂರದ ಸಂಬಂಧದಲ್ಲಿ ಅಳಿಯನಾಗಬೇಕು. ಮೈಸೂರಿನಲ್ಲಿ ಓದುವಾಗಲೇ ಇಂಥದೊಂದು ಕಾರಿನ ಮೇಲೆ ಕಣ್ಣಿಟ್ಟಿದ್ದವನು, ಆಮೇಲೆ ಏಳು ವರ್ಷ ಹೊಟ್ಟೆಬಟ್ಟೆ ಕಟ್ಟಿ ಕೂಡಿಟ್ಟಿದ್ದ. ಪೆಟ್ರೋಲಿನ ಬೆಲೆ ಒಂದೇ ಸಲ ಗಗನಕ್ಕೇರಿದ ವರ್ಷ ಅದು. ಊರೆಲ್ಲ ಕಾರು ಮಾರಲು ನೋಡುತ್ತಿರುವಾಗ ಕೊಳ್ಳಲು ಹೊರಟವನಿಗೆ ಬುದ್ಧಿ ಹೇಳಿದವರಿಗೆ ಕಡಿಮೆಯಿರಲಿಲ್ಲ. ಅದಕ್ಕೇ ಕಬ್ಬಿನ ಲಾರಿ ರಿಪೇರಿ ಮಾಡುವ ಮರಿಸಿದ್ದಯ್ಯನನ್ನು ಜೊತೆಗೆ ಕರೆದುಕೊಂಡು ಮಂಡ್ಯಕ್ಕೆ ಬಂದಿದ್ದ. ಆ ಕಡೆಯಲ್ಲಿ ಅವನ ಒಂದು ಮಾತಿನ ಮೇಲೆ ಲಾರಿಗಳು ಕೈ ಬದಲಾಗುತ್ತಿದ್ದವು. ತಾನು ಕೂತು ನೋಡದ ಗಾಡಿಗೆ ಅವನು ಈವರೆಗೆ ಮಾತು ಕೊಟ್ಟವನಲ್ಲ.

ಬಸ್ಸಿನಲ್ಲಿ ಬರುವಾಗ ಕಸ್ತೂರಿರಂಗ ಅವನನ್ನು ‘ನೀವು’ ಎನ್ನುತ್ತಿದ್ದ. ಮಾವನ ಅಂಗಳಕ್ಕೆ ಕಾಲಿಟ್ಟ ಮೇಲೆ ‘ನೀನು’ ಎಂದ. ಮರಿಸಿದ್ದಯ್ಯ ಅದನ್ನು ಕೇಳಿಸಿಕೊಂಡ, ಬಾನೆಟ್ ಎತ್ತಿದ. ಎಣ್ಣೆ ಮುಟ್ಟಿ ಮೂಸಿದ, ಹೊಗೆ ಕೊಳವೆಯೊಳಗೆ ಬೆರಳು ತಿರುವಿದ, ಟೈರುಗಳ ಮೇಲೆ ಅಂಗೈ ಆಡಿಸಿದ. ಇಂಜಿನ್ನಿನಲ್ಲಿ ಕೆಟ್ಟದ್ದೇನೂ ಸಿಗಲಿಲ್ಲ. ಇನ್ನು ಗೇರು ಬಾಕ್ಸೊಂದು ಉಳಿಯಿತು, ಅದು ಗಾಡಿ ಓಡುವಾಗ ಒಳಗೆ ಕೂತವನಿಗೇ ಗೊತ್ತಾಗಬೇಕು. ಒಂದು ಸುತ್ತು ಹೋಗಿ ಬರೋಣ ಎಂದ. ಕೂರುವುದಕ್ಕೆ ಇರುವುದೇ ಎರಡು ಸೀಟು, ಕೊಳ್ಳುವವನನ್ನು ಬೀದಿಯಲ್ಲಿ ನಿಲ್ಲಿಸಲೇ ಎಂದು ನಕ್ಕ ವರದರಾಜರು ಅಳಿಯನನ್ನು ಕೂರಿಸಿಕೊಂಡು ಯಲಿಯೂರಿನವರೆಗೆ ಹೋಗಿ ಬಂದರು.

ಕಾರಿನಿಂದ ಇಳಿದ ಕಸ್ತೂರಿರಂಗನ ಮುಖ ಅರಳಿತ್ತು. ಮಾಮ ಈ ವಯಸ್ಸಿನಲ್ಲೂ ಒಂದೇ ಕೈಯಲ್ಲಿ ಸ್ಟೀರಿಂಗ್ ಹಿಡಿದು ಏನು ಓಡಿಸುತ್ತಾರೆ ಎಂದು ಹೊಗಳಿದ.

“ಇನ್ನೊಂದು ಕೈ ಎಲ್ಲಿತ್ತು ಮೇಷ್ಟ್ರೇ?”

“ಗೇರಿನ ಮೇಲೆ. ತೆಗೀಲೇ ಇಲ್ಲ.”

ಮರಿಸಿದ್ದಯ್ಯ ಕೈ ಒರೆಸಿಕೊಂಡು ವರದರಾಜರ ಕಡೆ ತಿರುಗಿದ. “ಈಗ ನಾ ಒಂದ್ ಸುತ್ತು ಕೂರ್ಲೇಬೇಕು ಸ್ವಾಮಿ. ನೀವೇ ಓಡ್ಸಿ, ನಾ ಎಡಕ್ಕೆ ಕೂತಿರ್ತೀನಿ.”

ಅವನು ಬಂದ ಕೂಡಲೇ ಯಾವ ಕೇರಿಯವನೆಂದು ವರದರಾಜರು ವಿಚಾರಿಸಿಕೊಂಡಿದ್ದರು. ಅವರಿಗೆ ಸಿಟ್ಟೇನೂ ಬರಲಿಲ್ಲ. ರೈಲಿನ ವೇಳೆ ತಿಳಿಸುವಷ್ಟು ಸಮಾಧಾನವಾಗಿ ಹೇಳಿದರು. “ಅದು ನಮ್ಮ ಮನೆಯಾಕೆ ರಂಗನಾಯಕಿ ಮಡಿಯುಟ್ಟು ಮೇಲುಕೋಟೆಗೆ ಹೋಗ್ತಿದ್ದ ಸೀಟು ಕಣಯ್ಯ. ಮಾರಿದ ಮೇಲೆ ಯಾರಾದ್ರೂ ಕೂತ್ಕೊಳ್ಳಲಿ, ನಾನು ಕೇಳೋಕೆ ಬರಲ್ಲ.” ಚರ್ಮದ ಸೀಟಿಗೂ ಮಡಿಗೂ ಹೇಗೆ ಹೊಂದಿಕೆಯಾಗಿತ್ತೋ, ಅದು ಆ ಮನೆಯವರಿಗೇ ಗೊತ್ತು.

ಕಸ್ತೂರಿರಂಗ ಒಂದು ಮಾತು ಆಡಿದ್ದರೆ ಆಗುತ್ತಿತ್ತು. ಅವನು ಕೂರದೆ ನಾನು ಕೊಳ್ಳುವುದಿಲ್ಲ ಮಾಮ, ಅಷ್ಟೇ. ಮರಿಸಿದ್ದಯ್ಯ ಅವನ ಮುಖವನ್ನೇ ನೋಡುತ್ತ ನಿಂತ. ಮೇಷ್ಟ್ರು ಬಗ್ಗಿ ಚಕ್ರದ ಕಡ್ಡಿಗಳ ಅಂದ ನೋಡತೊಡಗಿದ. ಅಷ್ಟರಲ್ಲಿ ವರದರಾಜರು, ಭಾನುವಾರ ನಾಲ್ಕೂವರೆಗೆ ರಾಹುಕಾಲ ಶುರು, ಮುಗಿಸುವುದಾದರೆ ಈಗಲೇ ಮುಗಿಸಬೇಕು ಎಂದು ನೆನಪಿಸಿದರು.

“ಒಟ್ಟಿನಲ್ಲಿ ಹೇಗಿದೆ, ಹೇಳು,” ಎಂದ ಕಸ್ತೂರಿರಂಗ, ನೆಲ ನೋಡುತ್ತಲೇ.

“ಈಚೆಯಿಂದ ನೋಡುದ್ರೆ ಚೆನ್ನಾಗೇ ಅದೆ. ಕೂರದ ಗಾಡಿಗೆ ನಾ ಮಾತು ಕೊಡಾಕಿಲ್ಲ.”

ಅರ್ಧ ಮಾತನ್ನು ಕೇಳಿ ಇನ್ನರ್ಧವನ್ನು ಬಿಡುವುದು ಆಸೆಬಿದ್ದವರ ಜಾಯಮಾನ. ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ಏಳು ವರ್ಷದ ಉಳಿತಾಯ ಮಾವನ ಕೈ ಸೇರಿತು, ಕಾಗದಪತ್ರಕ್ಕೆ ರುಜು ಬಿತ್ತು. ಕಸ್ತೂರಿರಂಗ ಒಬ್ಬನೇ ಕಾರು ಹತ್ತಿ ಗೇಟು ದಾಟಿದ. ಮರಿಸಿದ್ದಯ್ಯ ಬಸ್ ನಿಲ್ದಾಣದ ಕಡೆ ಹೆಜ್ಜೆ ಹಾಕಿದ. ಅವನಿಗೆ ಬೇಜಾರಾಗಿತ್ತು. ಸೀಟಿಗಾಗಿ ಅಲ್ಲ, ಅದಕ್ಕೆ ಅವನು ಹಳಬ; ತನ್ನನ್ನು ಅಷ್ಟು ದೂರದಿಂದ ಕರೆತಂದು ಕೆಲಸ ಮಾಡಗೊಡಲಿಲ್ಲವಲ್ಲ ಎಂದು.

ಎರಡು ತಿರುವು ಕಳೆದು, ಮಾವನ ಮನೆ ಮರೆಯಾದ ಜಾಗದಲ್ಲಿ ಕಾರು ನಿಂತಿತ್ತು. ಕಸ್ತೂರಿರಂಗ ಎಡಗಡೆಯ ಬಾಗಿಲು ತೆರೆದು, “ಕೂತ್ಕೊಳ್ಳಿ, ಊರಿಗೆ ಒಟ್ಟಿಗೇ ಹೋಗೋಣ,” ಎಂದ. ಮತ್ತೆ ‘ನೀವು’ ಬಂದಿತ್ತು. ಮರಿಸಿದ್ದಯ್ಯ ಕೂತ. ಮದ್ದೂರಿನ ರಸ್ತೆಗೆ ಬಿದ್ದ ಮೇಲೆ ಗೇರಿನ ಗುಂಡಿಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದ. ಮೂರನೆಯ ಗೇರಿನಲ್ಲಿ ಒಂದು ಸಣ್ಣ ಏರು ಬಂತು. ಅವನು ಕೈ ಎತ್ತಿದ. ಗೇರು ತಾನಾಗಿಯೇ ಕಳಚಿಕೊಂಡಿತು, ಇಂಜಿನ್ನು ಅರಚಿತು. ಕಸ್ತೂರಿರಂಗ ಗಾಬರಿಯಿಂದ ಮತ್ತೆ ಹಾಕಿದ, ಮತ್ತೆ ಕಳಚಿತು.

“ಬಾಕ್ಸು ಓಗ್ಯದೆ,” ಎಂದ ಮರಿಸಿದ್ದಯ್ಯ. “ಅರವತ್ತು ಸಾವ್ರ ಮೈಲಿಗೆ ಕಮ್ಮಿಯಿಲ್ಲ. ಈ ಗಾಡೀದು ಸಾಮಾನೂ ಸಿಕ್ಕಾಕಿಲ್ಲ.”

ಕಾರು ರಸ್ತೆಯ ಅಂಚಿಗೆ ಬಂದು ನಿಂತಿತು. ಕಸ್ತೂರಿರಂಗ ಸ್ಟೀರಿಂಗ್ ಹಿಡಿದೇ ಕೇಳಿದ. “ಇದನ್ನ ಅಲ್ಲೇ ಹೇಳಬಾರದಾಗಿತ್ತಾ?”

“ಯೋಳ್ತಿದ್ದೆ, ಮೇಷ್ಟ್ರೇ,” ಎಂದ ಮರಿಸಿದ್ದಯ್ಯ. “ಈ ಬಾಗ್ಲ ನೀವು ಅಲ್ಲೇ ತಗುದಿದ್ರೆ.”