ಜೇನಿಗೆ ಮೊದಲು ಹೇಳಿದ ಸುದ್ದಿ

“ನಿನ್ನ ಮದುವೆಯಂತಲ್ಲೇ. ಯಾವಾಗ ಗೊತ್ತಾಯ್ತು?” ಎನ್ನುತ್ತ ಹೆಪ್ಸಿಬಾ ಚಿಕ್ಕಮ್ಮ ಹಿತ್ತಲ ಬಾಗಿಲಿನಿಂದ ಒಳಗೆ ಬಂದಳು.

ಮೇಣ ಕಾಯಿಸುತ್ತಿದ್ದ ತಬಿತಾ ಸೌಟು ಕೆಳಗಿಟ್ಟಳು. “ನನಗೆ ಈಗ ಗೊತ್ತಾಯ್ತು. ಯಾರ ಜೊತೆ?”

“ಬಡಗಿ ಜೊಸಾಯನ ಜೊತೆ. ಗೂಡಿಗೆ ಬಗ್ಗಿ ಜೇನಿಗೆ ಹೇಳ್ತಾ ನಿಂತಿದ್ದಾನೆ. ಕಿವಿಯಾರೆ ಕೇಳಿದೆ.”

ತಬಿತಾ ಹಿತ್ತಲಿಗೆ ಓಡಿದಳು, ಚಿಕ್ಕಮ್ಮ ಹಿಂದೆಯೇ ಬಂದಳು. ಯಾರ್ಕ್‌ಶೈರಿನ ಆ ಗುಡ್ಡದೂರಿನಲ್ಲಿ ಹುಟ್ಟು, ಸಾವು, ಮದುವೆ ಏನಿದ್ದರೂ ಗೂಡು ತಟ್ಟಿ ಮೊದಲು ಜೇನಿಗೆ ಹೇಳಬೇಕು. ಸುಳ್ಳು ಹೇಳಿದರೆ ಹುಳ ಗೂಡು ಬಿಟ್ಟು ಹೋಗುತ್ತವೆ. ಫ್ರೆಂಚರ ಮೇಲಿನ ಯುದ್ಧದಲ್ಲಿ ಅಪ್ಪ ಸತ್ತ ಮೇಲೆ ಹಿತ್ತಲಿನ ಹನ್ನೆರಡು ಹುಲ್ಲು ಹೆಣೆದ ಜೇನುಗೂಡುಗಳೇ ಅವಳ ಹೊಟ್ಟೆಪಾಡು, ಅವಳ ಗತ್ತು. ಗೂಡು ಮಾರಿ ಬಾ ಎಂದ ಇಬ್ಬರು ವರರನ್ನು ಹೊಸಿಲಿನಿಂದಲೇ ವಾಪಸು ಕಳಿಸಿದ್ದಳು.

ಹಿತ್ತಲಿನಲ್ಲಿ ಜೊಸಾಯ ಟೋಪಿ ಕೈಯಲ್ಲಿ ಹಿಡಿದು ಸಿಕ್ಕಿಬಿದ್ದ ಕಳ್ಳನ ಹಾಗೆ ನಿಂತಿದ್ದ. ಮೂಗು ಊದಿಕೊಂಡಿತ್ತು.

“ಯಾರು ಹೇಳಿದ್ದು, ನಮ್ಮ ಮದುವೆ ಅಂತ?”

“ಯಾರೂ ಇಲ್ಲ. ನಿನ್ನನ್ನ ಹೇಗೆ ಕೇಳೋದು ಅಂತ ಅಭ್ಯಾಸ ಮಾಡ್ತಿದ್ದೆ, ತಬಿ. ನಿನ್ನೆದುರು ನಾಲಿಗೆ ಏಳಲ್ಲ. ಹುಳಗಳ ಹತ್ರ ಸಲೀಸಾಗಿ ಬಂತು. ಆ ಭರದಲ್ಲಿ ನೀನು ಒಪ್ಪಿದೆ ಅಂತಲೂ ಹೇಳಿಬಿಟ್ಟೆ.”

“ಹನ್ನೆರಡಕ್ಕೂ?”

“ಹನ್ನೊಂದಕ್ಕೆ. ಹನ್ನೆರಡನೇದು ಕಚ್ಚಿತು.”

ಚಿಕ್ಕಮ್ಮ ನಗು ತಡೆಯಲಾರದೆ ಬಾಯಿಗೆ ಕೈ ಅಡ್ಡ ಇಟ್ಟಳು. “ಇನ್ನೇನು ಮಾಡ್ತೀಯೇ, ಒಪ್ಪಿಕೋ. ಇಲ್ಲಾಂದ್ರೆ ಹುಳ ಹೋಗ್ತವೆ.”

“ಹುಳಕ್ಕೋಸ್ಕರ ನಾನು ಮದುವೆ ಆಗಲ್ಲ, ಚಿಕ್ಕಮ್ಮ. ಹೋಗು ಜೊಸಾಯ, ಹೇಳಿದ್ದೆಲ್ಲ ಸುಳ್ಳು ಅಂತ ಒಂದೊಂದಕ್ಕೂ ಹೇಳು.”

ಅವನು ಮೊದಲ ಗೂಡಿನ ಮುಂದೆ ಮಂಡಿಯೂರಿದ. “ನಾನು ಹೇಳಿದ್ದು ಸುಳ್ಳು. ತಬಿತಾ ಒಪ್ಪಿಲ್ಲ, ನಾನಿನ್ನೂ ಕೇಳೇ ಇಲ್ಲ. ತಪ್ಪು ನನ್ನದು, ಅವಳನ್ನ ಬಿಟ್ಟು ಹೋಗಬೇಡಿ. ನೀವಿಲ್ಲದೆ ಅವಳಿಗೆ ಆಗಲ್ಲ.” ಎರಡನೆಯದಕ್ಕೂ ಅದನ್ನೇ ಹೇಳಿದ, ಮೂರನೆಯದಕ್ಕೂ. ತನಗಾಗಿ ಏನನ್ನೂ ಬೇಡಿಕೊಳ್ಳಲಿಲ್ಲ. ನೋಡುತ್ತ ನೋಡುತ್ತ ತಬಿತಾಳ ಸಿಟ್ಟು ಇಳಿಯಿತು. ಈ ಪೆದ್ದನ ಮೇಲೆ ತನಗೆ ಬಹಳ ದಿನದಿಂದ ಮನಸ್ಸಿದೆ ಎಂಬುದನ್ನು ಅವಳು ತನ್ನೊಳಗೇ ಒಪ್ಪಿಕೊಂಡಳು.

ನಾಲ್ಕನೆಯ ಗೂಡಿನ ಹತ್ತಿರ ಅವನನ್ನು ಪಕ್ಕಕ್ಕೆ ಸರಿಸಿ ತಾನೇ ತಟ್ಟಿದಳು.

“ಕೇಳ್ರೇ, ಮನೆಯೊಡತಿ ಹೇಳ್ತಿದ್ದೀನಿ. ಮದುವೆ ನಿಜ. ಆದರೆ ನಾನೆಲ್ಲೂ ಹೋಗಲ್ಲ. ಅವನೇ ಉಳಿ ಸುತ್ತಿಗೆ ಹೊತ್ಕೊಂಡು ಇಲ್ಲಿಗೆ ಬರ್ತಾನೆ.”

ಆಮೇಲೆ ಅವನ ಕಡೆ ತಿರುಗಿದಳು.

“ಹ್ಞೂಂ, ಈಗ ನನ್ನನ್ನ ಕೇಳು.”