ಬೆನ್ನ ಹಿಂದಿನ ರೈಟ್

“ರೈಟ್” ಎಂದ ಕಂಡಕ್ಟರ್ ಬಾಯಿ ಬಿಗಿದುಕೊಂಡ. ಗಂಜಿಯ ಚಮಚ ತುಟಿಯವರೆಗೆ ಹೋಗಿ ವಾಪಸಾಯಿತು.

“ನೋಡಿದ್ರಾ ಅಣ್ಣಾ?” ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಡ್ರೈವರನತ್ತ, ಮಂಚದ ಪಕ್ಕ ನಿಂತಿದ್ದ ಕಂಡಕ್ಟರನ ಹೆಂಡತಿ ತಿರುಗಿದಳು. “ನಿನ್ನೆಯಿಂದ ಹೀಗೇ, ಒಂದು ತುತ್ತೂ ತಗೊಂಡಿಲ್ಲ. ಬೇಕಾ ಅಂದ್ರೆ ರೈಟ್, ಬೇಡ್ವಾ ಅಂದ್ರೂ ರೈಟ್. ಸಂಜೆಯೊಳಗೆ ಏನೂ ಒಳಗೆ ಹೋಗದಿದ್ರೆ ಕರ್ಕೊಂಡು ಬನ್ನಿ, ಮೂಗಿಗೆ ಪೈಪ್ ಹಾಕ್ತೀವಿ ಅಂದಿದ್ದಾರೆ ಡಾಕ್ಟರು.”

ಪಾರ್ಶ್ವವಾಯು ಬಡಿದ ಮೇಲೆ ಅವನಲ್ಲಿ ಉಳಿದದ್ದು ಅದೊಂದೇ ಪದ. ಮಿದುಳಿನಲ್ಲಿ ಮಾತು ಕಟ್ಟುವ ಭಾಗಕ್ಕೆ ಪೆಟ್ಟಾದರೂ, ಲೆಕ್ಕವಿಲ್ಲದಷ್ಟು ಸಲ ಆಡಿದ ಮಾತೊಂದು ಹೀಗೆ ಉಳಿದುಬಿಡುವುದುಂಟು ಎಂದು ವೈದ್ಯರು ವಿವರಿಸಿದ್ದರು. ಕೇಳಿದ್ದು ಅವನಿಗೆ ಅರ್ಥವಾಗುತ್ತದೆ, ಹೇಳಲು ಪದವಿಲ್ಲ. ಹೆಂಡತಿಯ ಹೆಸರು ಹೋಗಿತ್ತು. ಬಸ್ಸಿನ ಹಿಂಬಾಗಿಲಲ್ಲಿ ನಿಂತು ಕೂಗುತ್ತಿದ್ದ ಪದ ಮಾತ್ರ ಅಲ್ಲಾಡದೆ ಕೂತಿತ್ತು.

ಡ್ರೈವರ್ ಮಂಚದ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, ಗೆಳೆಯನ ಸೊಟ್ಟಗಾದ ಮುಖವನ್ನೇ ನೋಡಿದ.

“ಏನೋ ಮಾರಾಯ, ಊಟದ ಮೇಲೂ ಮುನಿಸಾ?”

“ರೈಟ್.”

“ಹೊಟ್ಟೆ ನೋವಾ?”

“ರೈಟ್.”

ಡ್ರೈವರ್ ತಲೆ ಕೆರೆದುಕೊಂಡ. “ಏನೂ ಗೊತ್ತಾಗ್ತಿಲ್ಲ ತಂಗಿ.”

“ಇಷ್ಟು ವರ್ಷ ಒಂದೇ ಬಸ್ಸಲ್ಲಿದ್ರಿ. ನಿಮಗೇ ಗೊತ್ತಾಗಲ್ಲ ಅಂದ್ರೆ...” ಅವಳು ಚಮಚವನ್ನು ಬಟ್ಟಲಿಗೆ ಹಾಕಿದಳು.

“ಬಸ್ಸೇನೋ ಒಂದೇ. ಆದ್ರೆ ನಾನ್ಯಾವತ್ತು ಇವನ ಮೂತಿ ನೋಡ್ಕೊಂಡು ಗಾಡಿ ಓಡಿಸಿದೀನಿ?” ಎಂದವನು ಫಕ್ಕನೆ ಎದ್ದು ಕುರ್ಚಿ ತಿರುಗಿಸಿದ. ಮಂಚಕ್ಕೆ ಬೆನ್ನು ಹಾಕಿ, ಎದುರಿನ ಗೋಡೆ ನೋಡುತ್ತ ಕೂತ. “ಹೂಂ, ಈಗ ಹೇಳು.”

ಆಮೇಲೆ ಹಿಂದಿನಿಂದ ಬಂತು: “ರೈಟ್.” ಮೆಲ್ಲಗೆ, ಕೊನೆಯನ್ನು ನುಂಗಿಕೊಂಡು.

“ಇನ್ನೊಂದ್ಸಲ.”

“ರೈಟ್.”

“ಓಹೋ, ಇದಾ!” ಡ್ರೈವರ್ ತೊಡೆ ತಟ್ಟಿದ. “ತಂಗಿ, ಲೇಟಾದಾಗ ಇವನದೊಂದು ರೈಟ್ ಇತ್ತು, ಚಾಟಿ ಬೀಸಿದ ಹಾಗೆ. ಪ್ಯಾಸೆಂಜರ್ ಹತ್ರ ಜಗಳ ಆಡಿ ಬಂದಾಗ ಇನ್ನೊಂದು, ಅದು ನನಗೇ ಬೈದ ಹಾಗೆ. ಇದು ಅವೆರಡೂ ಅಲ್ಲ. ವಯಸ್ಸಾದವರು, ಬಸುರಿಯರು ಹತ್ತಿದ್ರೆ ಹೀಗಂತಿದ್ದ. ‘ಹೊರಡು, ಆದ್ರೆ ಮೆತ್ತಗೆ, ಒಬ್ರು ಇನ್ನೂ ನಿಂತೇ ಇದ್ದಾರೆ’ ಅಂತ.”

“ಇಲ್ಲಿ ಯಾರಣ್ಣಾ ನಿಂತಿರೋದು?”

ಡ್ರೈವರ್ ತಿರುಗಲಿಲ್ಲ. “ನೀನು ಕೂತು ಉಂಡಿದ್ದು ಯಾವಾಗ?”

“ನನ್ನದೇನು ಬಿಡಿ. ಮೊದಲು ಇವರ ಹೊಟ್ಟೆಗೆ ಬೀಳಲಿ, ಆಮೇಲೆ...” ಕೈಯಲ್ಲಿದ್ದ ಬಟ್ಟಲನ್ನು ನೋಡಿದಳು, ಗಂಡನನ್ನು ನೋಡಿದಳು. ಮಂಚದ ಅಂಚಿನಲ್ಲಿ ಮೆಲ್ಲಗೆ ಕೂತಳು. ಆರಿದ ಗಂಜಿಯ ಒಂದು ಚಮಚವನ್ನು ತನ್ನ ಬಾಯಿಗೇ ಇಟ್ಟುಕೊಂಡಳು.

“ರೈ...ಟ್!”

ಹಿಂಬಾಗಿಲಿಂದ ಬಂದಂತೆ ಸ್ಪಷ್ಟವಾಗಿತ್ತು. ಅಂದ ಮೇಲೂ ಅವನ ಬಾಯಿ ತೆರೆದೇ ಇತ್ತು. ಅವಳು ಚಮಚ ಚಾಚಿದಳು.

ಗೋಡೆಗೆ ಮುಖ ಮಾಡಿ ಕೂತಿದ್ದ ಡ್ರೈವರನ ಬಲಗಾಲು, ಅವನಿಗೇ ತಿಳಿಯದಂತೆ, ನೆಲವನ್ನು ಆಕ್ಸಿಲರೇಟರಿನಂತೆ ಮೆತ್ತಗೆ ಒತ್ತುತ್ತಿತ್ತು.