ತಳ ಬಿಚ್ಚಿದವಳು

"ಸುಳ್ಳು ಹೇಳಬೇಡಿ. ಮಗೂಗೆ ಹೊರಗಿಂದ ಏನು ತಂದು ತಿನ್ನಿಸಿದ್ರಿ?"

ದೊಡ್ಡ ಡಾಕ್ಟರು ಕೇಳಿದ್ದು ಮಕ್ಕಳ ವಾರ್ಡಿನ ನಟ್ಟನಡುವೆ, ಎಲ್ಲ ಹಾಸಿಗೆಗಳಿಗೂ ಕೇಳಿಸುವಂತೆ. ಜ್ವರ ಇಳಿದು, ಇನ್ನೇನು ಮನೆಗೆ ಹೋಗಬಹುದು ಎನ್ನಿಸಿಕೊಂಡಿದ್ದ ಮಗಳು ಭೇದಿಯಾಗಿ ಮತ್ತೆ ಹಾಸಿಗೆಗೆ ಅಂಟಿಕೊಂಡಿದ್ದಳು. ಬೆಳಿಗ್ಗೆ ರಕ್ತವೂ ಹೋಗಿತ್ತು. ತಾಯಿ ಅವಳ ಪುಟ್ಟ ಪಾದವನ್ನು ಅಂಗೈಯೊಳಗೆ ಹಿಡಿದುಕೊಂಡೇ ಹೇಳಿದಳು, "ಏನೂ ಕೊಟ್ಟಿಲ್ಲ ಡಾಕ್ಟ್ರೇ. ಇಲ್ಲಿ ಕೊಡೋ ಗಂಜಿ ಒಂದೇ."

"ಹಾಗಾದ್ರೆ ಇದೇನು?" ಡಾಕ್ಟರು ಸ್ಟೂಲಿನ ಮೇಲಿದ್ದ ಅವಳ ಫ್ಲಾಸ್ಕನ್ನು ಎತ್ತಿ ಹಿಡಿದರು. "ನೋಡಿ ಅಮ್ಮ, ಈ ಮುಚ್ಚಳದೊಳಗೆ ರಬ್ಬರ್ ವಾಷರ್ ಇರುತ್ತಲ್ಲ, ಅದರ ಸಂದೀಲಿ ಒಂಚೂರು ಅನ್ನದ ತಿಳಿ ಉಳಿದ್ರೂ ಸಾಕು, ರೋಗಾಣು ಅಲ್ಲೇ ಸಂಸಾರ ಹೂಡುತ್ತೆ. ಲೋಳೆಯ ಹೊದಿಕೆ ಹೊದ್ದು ಬೆಚ್ಚಗೆ ಕೂರುತ್ತೆ. ಆಮೇಲೆ ನೀವು ಸೋಪು ಹಾಕಿ, ಬಿಸಿನೀರು ಸುರೀರಿ, ಎಲ್ಲ ಆ ಹೊದಿಕೆ ಮೇಲಿಂದಲೇ ಹರಿದುಹೋಗುತ್ತೆ. ರೋಗಾಣು ಕೊಲ್ಲೋ ಔಷಧಿ ಅರೆಬರೆ ಹಾಕಿದ್ರಂತೂ ಅದು ಸಾಯೋ ಬದಲು ಇನ್ನಷ್ಟು ಗಟ್ಟಿಯಾಗಬಹುದು. ಅಂಥದ್ದು ಮೊದಲೇ ಸೋತಿರೋ ಮಗುವಿನ ಹೊಟ್ಟೆಗೆ ಬಿದ್ರೆ ಏನಾಗುತ್ತೆ ಅಂತ ನೋಡ್ತಾ ಇದ್ದೀರಲ್ಲ. ಇವತ್ತು ಸಂಜೆಯಿಂದ ನೀವು ವಾರ್ಡಲ್ಲಿ ಇರೋದು ಬೇಡ. ಮಗೂನ ನಾವು ನೋಡ್ಕೋತೀವಿ."

"ನಾನಿಲ್ದೆ ಅವಳು ಒಂದು ಗುಟುಕು ನೀರೂ ಕುಡಿಯಲ್ಲ..." ಎನ್ನುವಷ್ಟರಲ್ಲಿ ಡಾಕ್ಟರು ಮುಂದಿನ ಹಾಸಿಗೆಗೆ ಹೋಗಿಯಾಗಿತ್ತು. ಪಕ್ಕದ ಹಾಸಿಗೆಯವಳು ತನ್ನ ಮಗುವನ್ನು ಅತ್ತ ಸರಿಸಿಕೊಂಡಳು.

ಫ್ಲಾಸ್ಕಿನಲ್ಲಿದ್ದದ್ದು ತಾನು ಕುಡಿಯಲೆಂದು ತಂದಿಟ್ಟುಕೊಂಡ ಬಿಸಿನೀರು. ಮಗಳ ತುಟಿಗೆ ಅದರ ಹನಿಯೂ ತಾಕಿರಲಿಲ್ಲ. ಆದರೂ ತಾಯಿಯ ಎದೆಯೊಳಗೆ ಅಳುಕು ಹೊಕ್ಕಿತು. ನಲ್ಲಿಯ ಹತ್ತಿರ ಹೋಗಿ, ಉಗುರಿನಿಂದ ವಾಷರನ್ನು ಎಬ್ಬಿಸಿ ಮೂಸಿದಳು, ಸಂದಿಯಲ್ಲೆಲ್ಲ ಬೆರಳಾಡಿಸಿದಳು. ಏನೂ ಇರಲಿಲ್ಲ. ಒಂದು ಸಲ ಕುದಿಸಿಬಿಟ್ಟರೆ ಮನಸ್ಸಿಗಾದರೂ ಸಮಾಧಾನ ಎಂದುಕೊಂಡು ವಾರ್ಡಿನಾಚೆಯ ಅಡುಗೆಮನೆಗೆ ನಡೆದಳು.

"ಬಾರಮ್ಮ, ನೀರಿಡ್ತೀನಿ. ನಿನಗೆ ಮಂಗಳಾರತಿ ಆಗಿದ್ದು ಇಲ್ಲೀವರೆಗೂ ಕೇಳಿಸ್ತು," ಎಂದಳು ಅಡುಗೆಯವಳು. ಮಕ್ಕಳ ಗಂಜಿ ರುಬ್ಬಿ ಮುಗಿಸಿ, ದೊಡ್ಡ ಮಿಕ್ಸಿ ಜಾರಿಗೆ ನೀರು ಹಾಕಿ ಗರ್ರೆಂದು ಒಂದು ಸುತ್ತು ತಿರುಗಿಸಿ, ಚೆಲ್ಲಿ, ಕಟ್ಟೆಯ ಮೇಲೆ ಬೋರಲು ಹಾಕಿದಳು.

ತಾಯಿಯ ಕಣ್ಣು ಅದರ ಮೇಲೇ ನಿಂತಿತು. "ಅಕ್ಕಾ, ಇದರ ತಳ ಬಿಚ್ಚಿ ತೊಳೆಯಲ್ವಾ?"

"ಬಿಚ್ಚೋಕೆ ಬರುತ್ತಾ ಅದು? ನಾನು ಸೇರಿದಾಗಿಂದ ಯಾರೂ ಬಿಚ್ಚಿದ್ದು ನೋಡಿಲ್ಲ. ಕೆಲಸಕ್ಕೆ ನನಗಿಂತ ಸೀನಿಯರು ಅದು. ಮೈ ಮುಟ್ಟೋಕೇ ಭಯ." ಅಡುಗೆಯವಳು ನಕ್ಕಳು. "ಔಷಧಿ ನೀರು ಹಾಕ್ತೀನಿ ಬಿಡು. ಸ್ಟೋರಿನವರು ಕೊಡೋದೇ ಚೂರು, ಅದಕ್ಕೇ ನೀರು ಬೆರೆಸಿ ಬೆರೆಸಿ ತಿಂಗಳೆಲ್ಲ ಎಳೀತೀನಿ. ಹೇಗೂ ಬೇಯ್ಸಿರೋ ಗಂಜಿ ತಾನೇ?"

"ಬೇಯ್ಸಿದ ಮೇಲಲ್ವಾ ಅಕ್ಕ ರುಬ್ಬೋದು?"

ಅಡುಗೆಯವಳ ನಗು ಅಲ್ಲಿಗೇ ನಿಂತಿತು.

ತಾಯಿ ಜಾರನ್ನು ಮಡಿಲಲ್ಲಿ ಇಟ್ಟುಕೊಂಡು ತಳವನ್ನು ತಿರುಗಿಸಿದಳು. ಜಪ್ಪಯ್ಯ ಅನ್ನಲಿಲ್ಲ. ಅಡುಗೆಯವಳು ಬಂದು ಎದುರಿಗೆ ಕುಕ್ಕರುಗಾಲಲ್ಲಿ ಕುಳಿತು ಜಾರನ್ನು ಬಿಗಿಯಾಗಿ ಹಿಡಿದಳು. ತಾಯಿ ಹಲ್ಲು ಕಚ್ಚಿ ತಿರುವಿದಳು. ಕಟಕ್ಕೆಂದು ತಳ ಬಿಟ್ಟುಕೊಂಡಿತು. ಮೊದಲು ಬಂದದ್ದು ವಾಸನೆ. ಬ್ಲೇಡಿನ ಕೆಳಗಿನ ವಾಷರ್ ಬೂದುಬಣ್ಣದ ಲೋಳೆಯಲ್ಲಿ ಹೂತುಹೋಗಿತ್ತು. ಎತ್ತಿದರೆ ದಾರ ದಾರವಾಗಿ ಎಳೆದುಕೊಂಡು ಬಂತು.

"ಅಯ್ಯೋ ಶಿವನೇ, ಇದನ್ನ ದಿನಾ ಮಕ್ಕಳಿಗೆ ಉಣ್ಣಿಸಿದ್ನಾ," ಅಡುಗೆಯವಳು ಗೋಡೆಗೆ ಒರಗಿದಳು.

"ಈಗ ರುಬ್ಬಿದ್ದು ಎಲ್ಲಿ?"

"ವಾರ್ಡಿಗೆ ಹೋಯ್ತಲ್ಲಮ್ಮ."

ತಾಯಿ ವಾಷರನ್ನು ಒಂದು ತಟ್ಟೆಗೆ ಹಾಕಿಕೊಂಡು ಓಡಿದಳು. ಮಗಳ ತಲೆದಿಂಬಿನ ಪಕ್ಕ ಬಟ್ಟಲು ಆಗಲೇ ಬಂದು ಕೂತಿತ್ತು. ಮಗು ಇನ್ನೂ ಬಾಯಿಗೆ ಹಚ್ಚಿರಲಿಲ್ಲ. ಬಟ್ಟಲನ್ನು ದೂರ ತಳ್ಳಿ, ಸೀದಾ ಹೋಗಿ ದೊಡ್ಡ ಡಾಕ್ಟರ ಮುಂದೆ ತಟ್ಟೆ ಹಿಡಿದಳು. ಮನೆಯಲ್ಲೂ ಎತ್ತರದ ಧ್ವನಿಯಲ್ಲಿ ಮಾತಾಡಿ ಗೊತ್ತಿಲ್ಲದವಳು ಈಗ ವಾರ್ಡಿಗೆಲ್ಲ ಕೇಳಿಸುವಂತೆ ಹೇಳಿದಳು:

"ನೀವು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ ಡಾಕ್ಟ್ರೇ. ವಾಷರು, ಲೋಳೆ ಹೊದಿಕೆ, ನೀರು ಬೆರೆಸಿದ ಔಷಧಿ. ಎಲ್ಲಾ ಇದೆ, ನಿಮ್ಮ ಅಡುಗೆಮನೆ ಮಿಕ್ಸೀಲಿ. ಇದರಲ್ಲಿ ರುಬ್ಬಿ ಕೊಟ್ಟು, ತಾಯಿ ಸುಳ್ಳಿ ಅಂದ್ರಲ್ಲ. ತಗೊಳ್ಳಿ, ಮೂಸಿ ನೋಡಿ."

ಡಾಕ್ಟರು ಮೂಸಲಿಲ್ಲ. ತಟ್ಟೆಯನ್ನೊಮ್ಮೆ ನೋಡಿದರು, ಸುತ್ತಲಿನ ಹಾಸಿಗೆಗಳನ್ನೊಮ್ಮೆ ನೋಡಿದರು. ಆಮೇಲೆ ಹತ್ತಿರಕ್ಕೆ ಬಾಗಿ, ಆದಷ್ಟೂ ಮೆಲ್ಲಗೆ ಕೇಳಿದರು:

"ಆಸ್ಪತ್ರೆ ಸಾಮಾನು ಅದು. ಯಾರನ್ನ ಕೇಳಿ ಬಿಚ್ಚಿದ್ರಿ?"

ಕಿಟಕಿ ಬದಿಯ ಹಾಸಿಗೆಯ ತಾಯಿಯೊಬ್ಬಳು ಮಗುವಿನ ಬಾಯಿಗೆ ಎರಡು ಬೆರಳು ಹಾಕಿ, ಈಗಷ್ಟೇ ಕೊಟ್ಟ ತುತ್ತನ್ನು ಹೊರಗೆ ತೆಗೆಯತೊಡಗಿದಳು.